ಒಂಬತ್ತನೇ ಕಾಲಂ

2023ರ ಜೂನ್ ಆದಮೇಲೆ ಬೆಂಗಳೂರಿನ ಐಟಿ ಆಫೀಸುಗಳ ಕ್ಯಾಂಟೀನಿನಲ್ಲಿ ಒಂದು ಪದ ಜಾಸ್ತಿ ಕೇಳಿಸೋಕೆ ಶುರುವಾಯ್ತು: ಸೋಷಿಯಲಿಸಂ. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅದರ ಹಿಂದೆಯೇ ತಿಂಗಳಿಗೆ 200 ಯೂನಿಟ್ ತನಕ ಬಿಟ್ಟಿ ಕರೆಂಟು, ಅನ್ನಭಾಗ್ಯದ ಅಕ್ಕಿ ಬದಲು ದುಡ್ಡು, ಮನೆಯೊಡತಿಗೆ 2000 ರೂಪಾಯಿ, ಮುಂದಿನ ಜನವರಿಯಲ್ಲಿ ಯುವನಿಧಿ. "ಫುಲ್ ಸೋಷಿಯಲಿಸಂ ಮಗಾ, ಅದೂ ನಮ್ ಟ್ಯಾಕ್ಸ್ ದುಡ್ಡಲ್ಲಿ" ಅಂತ ಒಬ್ಬ. "ಸ್ವೀಡನ್ ಥರ ಆಗ್ತಿದೀವಿ, ಒಳ್ಳೇದೇ ಅಲ್ವಾ?" ಅಂತ ಇನ್ನೊಬ್ಬಳು. ಬೈದವನೂ ಹೊಗಳಿದವಳೂ ಬಳಸಿದ ಪದ ಒಂದೇ. ಆದರೆ ಈ ಐದು ಯೋಜನೆಗಳಲ್ಲಿ ಯಾವುದೂ ಸಮಾಜವಾದ ಅಲ್ಲ. ಸ್ವೀಡನ್ನೂ ಅಲ್ಲ.

ಪದ ಹೆಚ್ಚುಕಮ್ಮಿ ಆದರೆ ಏನಂತೆ ಅಂತ ನೀವು ಕೇಳಬಹುದು. ನಮ್ಮ ಮನೆಯ ಮಟ್ಟಿಗೆ ಅದು ಪದದ ಜಗಳ ಅಲ್ಲ. ನಾನು ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಡೆಯವನು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕೆಲಸವನ್ನು ಎರಡು ಪ್ಯಾಕೇಜು ಮಾಡಿದಾಗ ಒಂದು ‘ಬೆಂಗಳೂರು–ನಿಡಘಟ್ಟ’ ಆಯ್ತು, ಇನ್ನೊಂದು ‘ನಿಡಘಟ್ಟ–ಮೈಸೂರು’ ಆಯ್ತು. ಹಾಗಾಗಿ ಊರಿಗೆ ಕಾಲಿಡದವರಿಗೂ ಹೆಸರು ಮಾತ್ರ ಗೊತ್ತು. ಈ ರಸ್ತೆ ಬರೋದಕ್ಕೆ ಸುಮಾರು ಐವತ್ತು ವರ್ಷ ಮೊದಲು ನಮ್ಮ ಮನೆಗೆ ಸರ್ಕಾರದಿಂದ ಇನ್ನೊಂದು ಬಂದಿತ್ತು. ಅದು ನೆಲ. ಈಗ ಬರ್ತಿರೋದು ದುಡ್ಡು. ಎರಡೂ ಸರ್ಕಾರ ಕೊಟ್ಟಿದ್ದೇ, ಆದರೆ ಎರಡೂ ಒಂದೇ ಜಾತಿಯವಲ್ಲ. ಅದನ್ನ ಹೇಳೋಕೆ ಪಹಣಿಯಿಂದಲೇ ಶುರು ಮಾಡ್ತೀನಿ.

ಪಹಣಿ ನೋಡದೆ ಬೆಳೆದವರಿಗಾಗಿ: ಪ್ರತಿ ಸರ್ವೆ ನಂಬರಿಗೂ ಒಂದು ಹಾಳೆ, ಅದರಲ್ಲಿ ಕಾಲಂಗಳು. 9ನೇ ಕಾಲಮ್ಮಿನಲ್ಲಿ ಜಮೀನಿನ ಮಾಲೀಕನ ಹೆಸರು. 12ನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡ್ತಿರೋನ ಹೆಸರು. ನಮ್ಮ ತಾತ ಗೇಣಿದಾರ. ಉಳೋದು, ಬಿತ್ತೋದು, ಕುಯ್ಯೋದು ಎಲ್ಲ ಅವರದ್ದೇ. ಒಕ್ಕಣೆ ಆದಮೇಲೆ ಗೇಣಿ ಅಳೆದು ಒಡೆಯರ ಮನೆಗೆ ಹೊತ್ತು ಹಾಕೋರು. ಹೆಸರು ಇದ್ದಿದ್ದು 12ನೇ ಕಾಲಮ್ಮಿನಲ್ಲಿ. ಮಳೆ ಹೋದ ವರ್ಷ ಒಡೆಯರು ಕನಿಕರ ತೋರಿಸಿ ಗೇಣಿ ಇಳಿಸಿದ್ದೂ ಉಂಟಂತೆ. ಒಳ್ಳೇ ಜನ ಅಂತಲೇ ತಾತ ಹೇಳೋರು. ಆದರೆ ಇಳಿಸೋದು ಬಿಡೋದು ಅವರ ಮನಸ್ಸು.

1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದು. ಉಳುವವನು ಫಾರಂ ನಂಬರ್ 7 ತುಂಬಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೇ ಅಧಿಭೋಗದ ಹಕ್ಕು ಕೊಡಬೇಕು. ಅರ್ಜಿ ಹಾಕೋಕೆ ಕೊನೇ ದಿನ ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ರ ತನಕ ಎಳೆಯಿತು. ಓದು ಬರಹ ಬಾರದ ತಾತ ಮೇಷ್ಟ್ರೊಬ್ಬರ ಕೈಯಲ್ಲಿ ಫಾರಂ ಬರೆಸಿ ಹೆಬ್ಬೆಟ್ಟು ಒತ್ತಿದರು. ಒಂದಷ್ಟು ವರ್ಷ ಮದ್ದೂರಿಗೆ ಅಲೆದಾದ ಮೇಲೆ ಹೆಸರು 12ನೇ ಕಾಲಮ್ಮಿನಿಂದ 9ನೇ ಕಾಲಮ್ಮಿಗೆ ಬಂತು. ಗೇಣಿ ಅಳೆಯೋ ಕೊಳಗ ನಮ್ಮನೇಲಿ ರಾಗಿ ಅಳೆಯೋಕಷ್ಟೇ ಬಳಕೆ ಆಯ್ತು.

ಈ ಕಾಲಂ ಬದಲಾವಣೆ ಇದ್ಯಲ್ಲ, ಇಡೀ ವಿಷಯ ಅದರಲ್ಲೇ ಇದೆ. ಯಾವುದೇ ಆರ್ಥಿಕ ವ್ಯವಸ್ಥೆಗೆ ಎರಡು ಪ್ರಶ್ನೆ ಕೇಳಬೇಕು. ಒಂದು, ದುಡಿಮೆಯ ಸಾಧನ ಯಾರದು? ಅಂದರೆ ನೆಲ, ಕಾರ್ಖಾನೆ, ಯಂತ್ರ, ಬಸ್ಸು, ಸರ್ವರ್. ಎರಡು, ಅದರಿಂದ ಹುಟ್ಟಿದ ಫಲ ಯಾರಿಗೆ ಎಷ್ಟು? ಸಮಾಜವಾದ ಕೈ ಹಾಕೋದು ಮೊದಲನೇ ಪ್ರಶ್ನೆಗೆ. ಸಾಧನಗಳು ಖಾಸಗಿ ಕೈಯಲ್ಲಿ ಇರಬಾರದು, ದುಡಿಯುವವರ ಅಥವಾ ಇಡೀ ಸಮಾಜದ ಒಡೆತನದಲ್ಲಿ ಇರಬೇಕು ಅನ್ನುತ್ತೆ. ಕಲ್ಯಾಣ ರಾಜ್ಯ ಮೊದಲನೇ ಪ್ರಶ್ನೆಯನ್ನ ಮುಟ್ಟೋದೇ ಇಲ್ಲ. ಕಾರ್ಖಾನೆ ಸಾಹುಕಾರನದ್ದೇ ಇರಲಿ, ಲಾಭ ಅವನೇ ಮಾಡಲಿ. ನಾವು ತೆರಿಗೆ ಹಾಕಿ, ಕಾಯಿಲೆ ಬಿದ್ದವರಿಗೆ, ವಯಸ್ಸಾದವರಿಗೆ, ಕೆಲಸ ಕಳ್ಕೊಂಡವರಿಗೆ, ಮಕ್ಕಳಿಗೆ ಪಾಲು ಮುಟ್ಟಿಸ್ತೀವಿ ಅನ್ನುತ್ತೆ.

ಈ ವ್ಯತ್ಯಾಸ ನಮ್ಮ ಫೀಲ್ಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾರ್ಟಪ್ಪಿನಲ್ಲಿ ಆಫರ್ ಬಂದಾಗ ನಾವು ಮೊದಲು ಕೇಳೋದೇ "ಎಷ್ಟು ಕ್ಯಾಶು, ಎಷ್ಟು ಇಎಸ್‌ಒಪಿ?" ಅಂತ. ಕ್ಯಾಶ್ ಅಂದರೆ ಸಂಬಳ, ಬೋನಸ್ಸು, ಇನ್ಶೂರೆನ್ಸು, ಬಿಟ್ಟಿ ಊಟ. ಇಎಸ್‌ಒಪಿ ಅಂದರೆ 9ನೇ ಕಾಲಮ್ಮಿನಲ್ಲಿ ಒಂದು ಚೂರು ಜಾಗ. ಕ್ಯಾಂಟೀನಿನ ಬಿಟ್ಟಿ ಊಟವನ್ನ ನಾವ್ಯಾರೂ ಕಂಪನಿಯ ಒಡೆತನ ಅಂದ್ಕೊಳ್ಳಲ್ಲ. ಹಾಗಿದ್ದ ಮೇಲೆ ಊರಿನ ಹೆಂಗಸರಿಗೆ ಸಿಗೋ ಬಿಟ್ಟಿ ಟಿಕೆಟ್ಟನ್ನ ಮಾತ್ರ ಸೋಷಿಯಲಿಸಂ ಅನ್ನೋದು ಯಾವ ಲೆಕ್ಕ?

ಹಾಗಂತ ಅರಸು ಮಾಡಿದ್ದು ಸಮಾಜವಾದವಾ ಅಂದರೆ, ಪುಸ್ತಕದ ಅರ್ಥದಲ್ಲಿ ಅಲ್ಲ. ನೆಲ ಒಬ್ಬ ಖಾಸಗಿ ಒಡೆಯನಿಂದ ಇನ್ನೊಬ್ಬ ಖಾಸಗಿ ಒಡೆಯನಿಗೆ ಹೋಯ್ತು, ಅಷ್ಟೇ. ಸೋವಿಯತ್ ರಷ್ಯಾದಲ್ಲಿ 1929ರಿಂದ ಮಾಡಿದ್ದು ಬೇರೆ: ರೈತರ ಹೊಲ, ದನ, ನೇಗಿಲು ಎಲ್ಲ ಸಾಮೂಹಿಕ ಫಾರಂಗೆ ಸೇರಬೇಕು. ಒಪ್ಪದವರನ್ನ ಊರು ಬಿಡಿಸಿದರು. 1932–33ರ ಬರಗಾಲದಲ್ಲಿ ಉಕ್ರೇನ್ ಒಂದರಲ್ಲೇ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ನಮ್ಮಲ್ಲೂ 1959ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಹಕಾರಿ ಜಂಟಿ ಬೇಸಾಯದ ನಿರ್ಣಯ ಮಾಡಿತ್ತು. ಚೌಧರಿ ಚರಣ್ ಸಿಂಗ್ ಪಕ್ಷದ ಒಳಗಿದ್ದೇ ವಿರೋಧಿಸಿದರು, ರಾಜಾಜಿ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು, ನಿರ್ಣಯ ಕಾಗದದಲ್ಲೇ ಉಳೀತು. ಆಗಷ್ಟೇ ಹೊಲ ಕೈಗೆ ಬಂದ ನಮ್ಮ ತಾತನಿಗೆ "ಇದು ನಿಂದಲ್ಲ, ಎಲ್ಲರದು" ಅಂತ ಯಾರಾದ್ರೂ ಹೇಳಿದ್ದರೆ ಕುಡುಗೋಲು ಹಿಡ್ಕೊಂಡೇ ಮಾತಾಡಿರೋರು. ಆದರೂ ಅರಸು ಕಾಯ್ದೆ ಮೊದಲನೇ ಪ್ರಶ್ನೆಯನ್ನ ಮುಟ್ಟಿತ್ತು. ಗೇಣಿ ಇಳಿಸಿ, ಗೇಣಿದಾರನಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ಸುಮ್ಮನಾಗಬಹುದಿತ್ತು. ಅದಾಗಿದ್ದರೆ ಕಲ್ಯಾಣ. ಅವರು ಕಾಲಮ್ಮನ್ನೇ ಬದಲಾಯಿಸಿದರು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸ್ಕೋಬೇಕು. ‘ಸರ್ಕಾರದ್ದು’ ಅಂದ ತಕ್ಷಣ ‘ಸಮಾಜದ್ದು’ ಆಗಿಬಿಡಲ್ಲ. ನಮ್ಮ ಜಿಲ್ಲೆಯದ್ದೇ ಉದಾಹರಣೆ ತಗೊಳ್ಳಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಶುರುವಾದಾಗ ಅದು ಪೂರ್ತಿ ಮೈಸೂರು ಸಂಸ್ಥಾನದ ಸ್ವತ್ತು. ಆ ಕರೆಂಟು ಹೋಗಿದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಸುತ್ತಲಿನ ಹಳ್ಳಿಗಳು ಅದಾದ ಮೇಲೂ ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿ ಹಚ್ಕೊಂಡೇ ಇದ್ದವು. ಒಡೆತನ ಸರ್ಕಾರದ್ದು, ಗಿರಾಕಿ ಬಂಡವಾಳಶಾಹಿ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ನಾವೆಲ್ಲ ಮೈಶುಗರ್ ಅನ್ನೋದು, 1933ರಲ್ಲಿ ಹುಟ್ಟಿದ್ದೂ ಮಹಾರಾಜರ ಸರ್ಕಾರದಿಂದಲೇ. ಮಹಾರಾಜರನ್ನ ಯಾರೂ ಸಮಾಜವಾದಿ ಅನ್ನಲ್ಲ. ಅದರಲ್ಲಿ ರೈತರ ಷೇರೂ ಇವೆ. ಆದರೂ ಕೆಲವು ವರ್ಷ ಅರೆಯೋದು ನಿಂತು, ಖಾಸಗಿಗೆ ಕೊಡಬೇಕೋ ಬೇಡವೋ ಅಂತ ಜಗಳ ನಡೆದು, 2022ರಲ್ಲಿ ಮತ್ತೆ ಚಾಲೂ ಆಗುವಾಗ ತೀರ್ಮಾನ ಆಗಿದ್ದು ವಿಧಾನಸೌಧದಲ್ಲಿ. ಕಬ್ಬು ಬೆಳೆಯೋರು ಧರಣಿ ಕೂರಬೇಕಾಯ್ತು. ನಿಜಕ್ಕೂ ನಮ್ಮದೇ ಆಗಿದ್ದರೆ ನಮ್ಮ ಫ್ಯಾಕ್ಟರಿ ಮುಂದೆ ನಾವೇ ಧರಣಿ ಕೂರ್ತಿದ್ವಾ?

ಈಗ ಬಸ್ಸಿಗೆ ಬರೋಣ. ನಿಡಘಟ್ಟದಲ್ಲಿ ಅವ್ವ ಹತ್ತೋ ಕೆಂಪು ಬಸ್ಸಿನಲ್ಲಿ ಮೂರು ವ್ಯವಸ್ಥೆ ಒಟ್ಟಿಗೇ ಪ್ರಯಾಣ ಮಾಡ್ತವೆ. ಬಸ್ಸು ಸರ್ಕಾರದ್ದು. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸಿನಿಂದ ಶುರುವಾಗಿ 1961ರಲ್ಲಿ ನಿಗಮ ಆಯ್ತು. ಇದು ಒಡೆತನದ ಮಾತು, ಸಮಾಜವಾದದ ಕಡೆಯ ಸಾಮಾನು. ಅವ್ವನ ಕೈಯಲ್ಲಿರೋ ಶೂನ್ಯ ದರದ ಟಿಕೆಟ್ ಕಲ್ಯಾಣ ಯೋಜನೆ. ಅದರ ದುಡ್ಡನ್ನ ಸರ್ಕಾರ ಬಜೆಟ್ಟಿನಿಂದ ನಿಗಮಕ್ಕೆ ತುಂಬಿಕೊಡಬೇಕು. ಇನ್ನು ಪಕ್ಕದ ಎಕ್ಸ್‌ಪ್ರೆಸ್‌ವೇ. ಖಾಸಗಿ ಕಂಪನಿ ಕಟ್ಟಿದ್ದು, ಹೈಬ್ರಿಡ್ ಆನ್ಯುಟಿ ಲೆಕ್ಕದಲ್ಲಿ: ನೂರಕ್ಕೆ 40 ಭಾಗ ಸರ್ಕಾರ ಕಟ್ಟುವಾಗಲೇ ಕೊಡುತ್ತೆ, ಉಳಿದಿದ್ದನ್ನ ಗುತ್ತಿಗೆದಾರರು ಹಾಕಿ ವರ್ಷ ವರ್ಷ ಕಂತಿನಲ್ಲಿ ವಾಪಸ್ ಪಡೀತಾರೆ. ರಸ್ತೆ ಹೆಸರಿಗೆ ಸರ್ಕಾರದ್ದೇ. ಆದರೆ ಓಡಾಡೋಕೆ ಫಾಸ್ಟ್ಯಾಗ್ ಬೇಕು, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ. ಹೊಲ ಆ ಕಡೆ, ಮನೆ ಈ ಕಡೆ ಇದ್ದವರು ಅಂಡರ್‌ಪಾಸ್ ಹುಡುಕ್ಕೊಂಡು ಸುತ್ತಬೇಕು. ನಾನು ಶುಕ್ರವಾರ ಸಂಜೆ ಕಾರಿನಲ್ಲಿ ಒಂದೂವರೆ ಗಂಟೆಗೆ ಊರು ಸೇರ್ತೀನಿ, ನನಗೆ ಖುಷಿಯೇ. ಆ ರಸ್ತೆ ನನಗಾಗಿ ಆಗಿದ್ದು ಅನ್ನೋದು ಅದರಲ್ಲಿ ಓಡಾಡಿದವರಿಗೆಲ್ಲ ಗೊತ್ತು.

ಶಕ್ತಿ ಯೋಜನೆ ಸಲೀಸಾಗಿ ನಡೆದಿದ್ದಕ್ಕೆ ಒಂದು ಕಾರಣ ಬಸ್ಸು ಸರ್ಕಾರದ್ದಾಗಿದ್ದು. ದಕ್ಷಿಣ ಕನ್ನಡ, ಉಡುಪಿ ಕಡೆ ನೋಡಿ. ಅಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು, ಹಾಗಾಗಿ ಅಲ್ಲಿನ ಹೆಂಗಸರಿಗೆ ಯೋಜನೆ ಅಷ್ಟಾಗಿ ಮುಟ್ಟಲಿಲ್ಲ. ನಮ್ಮ ಬಸ್ಸಿಗೂ ಶಕ್ತಿ ಕೊಡಿ ಅಂತ ಖಾಸಗಿ ಬಸ್ಸಿನವರೇ ಕೇಳಿದರು. 75 ವರ್ಷದ ಹಿಂದೆ ಯಾರೋ ಒಡೆತನದ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದ್ದರಿಂದ ಇವತ್ತು ಹಂಚಿಕೆಯ ಪ್ರಶ್ನೆ ಸುಲಭ ಆಯ್ತು.

ಇನ್ನು ಸ್ವೀಡನ್. ವೋಲ್ವೋ, ಐಕಿಯಾ, ಎರಿಕ್ಸನ್, ಸ್ಪಾಟಿಫೈ ಎಲ್ಲ ಅಲ್ಲಿನ ಖಾಸಗಿ ಬಂಡವಾಳದ ಮಕ್ಕಳೇ. ತೆರಿಗೆ ಜಾಸ್ತಿ, ಸೌಲಭ್ಯ ಜಾಸ್ತಿ, 9ನೇ ಕಾಲಮ್ಮಿನಲ್ಲಿ ಮಾತ್ರ ಸಾಹುಕಾರರ ಹೆಸರು. ಒಂದು ಸಲ ಅವರು ಗಡಿ ದಾಟೋಕೆ ಹೊರಟಿದ್ದರು. ರುಡಾಲ್ಫ್ ಮೇಡ್ನರ್ ಅಂತ ಅಲ್ಲಿನ ಕಾರ್ಮಿಕ ಒಕ್ಕೂಟದ ಅರ್ಥಶಾಸ್ತ್ರಜ್ಞ. ದೊಡ್ಡ ಕಂಪನಿಗಳು ಪ್ರತಿ ವರ್ಷ ಲಾಭದ ಒಂದು ಪಾಲನ್ನ ಹೊಸ ಷೇರಿನ ರೂಪದಲ್ಲಿ ಕಾರ್ಮಿಕರ ನಿಧಿಗೆ ಕೊಡಬೇಕು ಅನ್ನೋದು ಅವನ ಯೋಜನೆ, 1976ರಲ್ಲಿ ಒಕ್ಕೂಟ ಅದನ್ನ ಒಪ್ಪಿತು. ಕೊಡ್ತಾ ಕೊಡ್ತಾ ಕೆಲವು ದಶಕದಲ್ಲಿ ಕಂಪನಿಗಳೇ ಕಾರ್ಮಿಕರ ಕೈಗೆ ಬರ್ತಿದ್ದವು. ಆಗೇನಾಯ್ತು ಗೊತ್ತಾ? ಅಷ್ಟೊಂದು ತೆರಿಗೆಯನ್ನ ಸಹಿಸಿಕೊಂಡಿದ್ದ ಉದ್ಯಮಿಗಳು 1983ರ ಅಕ್ಟೋಬರ್ 4ರಂದು ಸ್ಟಾಕ್‌ಹೋಮಿನ ಬೀದಿಗೆ ಇಳಿದರು, ಹತ್ತಾರು ಸಾವಿರ ಜನ. ಆ ವರ್ಷದ ಕೊನೆಗೆ ಕಾಯ್ದೆ ಬಂದಿದ್ದು ತೀರಾ ನೀರು ಬೆರೆಸಿದ ಹಾಲಿನ ಥರ; 1991ರಲ್ಲಿ ಸರ್ಕಾರ ಬದಲಾದ ಮೇಲೆ ಅದೂ ಹೋಯ್ತು. ತೆರಿಗೆ ಕೇಳಿದರೆ ಗೊಣಗ್ತಾ ಕೊಡ್ತಾರೆ, ಒಡೆತನ ಕೇಳಿದರೆ ಬೀದಿಗೆ ಬರ್ತಾರೆ. ಗಡಿ ಎಲ್ಲಿದೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣ ರಾಜ್ಯದ ಅಡಿಪಾಯ ಹಾಕಿದವನೇ ಸಮಾಜವಾದಿಗಳ ಕಡುವೈರಿ. ಜರ್ಮನಿಯ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನ ನಿಷೇಧಿಸೋ ಕಾಯ್ದೆ ತಂದ. ಅದರ ಹಿಂದೆಯೇ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ತಂದ. ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಪಾಲು. ಇಷ್ಟು ಸಿಕ್ಕರೆ ಕಾರ್ಖಾನೆಯನ್ನೇ ಕೇಳಲ್ಲ ಅನ್ನೋ ಲೆಕ್ಕ ಅವನದ್ದು. ನಮ್ಮ ಇಎಸ್‌ಐ ಕಾಯ್ದೆ 1948ರದ್ದು, ಪಿಎಫ್ ಕಾಯ್ದೆ 1952ರದ್ದು. ಅವೂ ಇದೇ ವಂಶದವು. ನಮ್ಮ ಸ್ಯಾಲರಿ ಸ್ಲಿಪ್ಪಿನಲ್ಲಿರೋ ಪಿಎಫ್, ಗ್ರಾಚ್ಯುಟಿ, ಟೀಮಿನ ಹೆಣ್ಣುಮಕ್ಕಳಿಗೆ 2017ರಿಂದ ಸಿಗ್ತಿರೋ 26 ವಾರದ ಹೆರಿಗೆ ರಜೆ, ಇವೂ ಕಲ್ಯಾಣವೇ. ನಮಗೆ ಸಿಕ್ಕರೆ ‘ಬೆನಿಫಿಟ್ಸ್’, ಅವ್ವನಿಗೆ ಸಿಕ್ಕರೆ ‘ಬಿಟ್ಟಿ ಭಾಗ್ಯ’.

"ನಮ್ ಟ್ಯಾಕ್ಸ್ ದುಡ್ಡು" ಅನ್ನೋ ಮಾತಿಗೂ ಒಂದು ಲೆಕ್ಕ ಇದೆ. ನಮ್ಮ ಇನ್ಕಮ್ ಟ್ಯಾಕ್ಸ್ ಹೋಗೋದು ಕೇಂದ್ರಕ್ಕೆ. ರಾಜ್ಯಗಳಿಗೆ ಅಂತ ಹಂಚೋ ಮೊತ್ತದಲ್ಲಿ 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಇಟ್ಟ ಪಾಲು ನೂರಕ್ಕೆ 3.647. 2024–25ರಲ್ಲಿ ಐದು ಗ್ಯಾರಂಟಿಗೆ ರಾಜ್ಯ ತೆಗೆದಿಟ್ಟಿದ್ದು ಸುಮಾರು 52,000 ಕೋಟಿ. ರಾಜ್ಯದ ಸ್ವಂತ ಆದಾಯದ ದೊಡ್ಡ ಬಾಬ್ತು ಜಿಎಸ್‌ಟಿ, ಅಬಕಾರಿ, ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆ, ನೋಂದಣಿ ಶುಲ್ಕ. ಅಂದರೆ ಸೋಪು ಕೊಳ್ಳೋ ಅವ್ವನೂ ಕಟ್ತಾಳೆ, ಸಂಜೆ ವೈನ್ ಶಾಪಿಗೆ ಹೋಗೋ ಚಿಕ್ಕಪ್ಪನೂ ಕಟ್ತಾನೆ. ಇದನ್ನ ಹೇಳಿದಾಗ ಚಿಕ್ಕಮ್ಮ, "ಹಂಗಾರೆ ನಂಗೆ ಬರೋ ಎಲ್ಡು ಸಾವ್ರ ನಮ್ಮನೆಯೋರ್ದೇ ಅನ್ನು. ಕೊಡೋಕೆ ಸರ್ಕಾರ ಬರ್ಬೇಕಾಯ್ತು" ಅಂದಳು.

ಚಿಕ್ಕಮ್ಮನ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದು ಇದೆ. ಇಲ್ಲೀತನಕ ಓದಿದವರಿಗೆ ಒಡೆತನವೇ ದೊಡ್ಡದು, ಕಲ್ಯಾಣ ಸಣ್ಣದು ಅಂತ ನಾನು ಹೇಳ್ತಿದೀನಿ ಅನ್ನಿಸಿರಬಹುದು. ಅವ್ವನ ಕಡೆಯಿಂದ ನೋಡಿದರೆ ಕಥೆ ಬೇರೆ. ಫಾರಂ 7ರಲ್ಲಿ ತಾತನ ಹೆಸರಿತ್ತು, ಅಜ್ಜಿಯ ಹೆಸರಿರಲಿಲ್ಲ. ಕಳೆ ಕಿತ್ತವಳು, ನಾಟಿ ಹಾಕಿದವಳು ಅವಳೂ ಹೌದು. ಉಳುವವನೇ ಹೊಲದೊಡೆಯ ಅನ್ನೋ ಘೋಷಣೆಯಲ್ಲಿ ‘ಉಳುವವಳು’ ಇರಲಿಲ್ಲ. ತಾತ ಹೋದ ಮೇಲೆ ಖಾತೆ ಅಪ್ಪ, ಚಿಕ್ಕಪ್ಪನ ಹೆಸರಿಗೆ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ನಮ್ಮ ಇಬ್ಬರು ಅತ್ತೆಯರಿಗೂ ಸಮಪಾಲು ಇದೆ. ಆದರೆ ಅವರು ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಈಸ್ಕೊಂಡು, ಸೀರೆ ಉಟ್ಕೊಂಡು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ತವರು ಮನೆ ಬಾಗಿಲು ತೆರೆದಿರಬೇಕಲ್ಲ.

ಅವ್ವ 40 ವರ್ಷ ಅದೇ ಹೊಲದಲ್ಲಿ ದುಡಿದಿದ್ದಾಳೆ, ಅವಳ ಹೆಸರಿಗೆ ಅಂತ ಸರ್ಕಾರದಿಂದ ಪ್ರತಿ ತಿಂಗಳು ಬರೋ ಮೊದಲನೇ ದುಡ್ಡು ಗೃಹಲಕ್ಷ್ಮಿಯದ್ದು. 2023ರ ಆಗಸ್ಟ್ 30ಕ್ಕೆ ಯೋಜನೆ ಶುರುವಾಯ್ತು. ಒಂದಷ್ಟು ಕಂತು ಸೇರಿದ ಮೇಲೆ ಮಿಕ್ಸಿ ತಂದಿದ್ದಳು. ನಾನು ಕೇಳಿದ್ದರೆ ಇನ್ನೂ ಒಳ್ಳೇದು ಕೊಡಿಸ್ತಿದ್ದೆ ಅಂದೆ. "ಅದ್ಕೇ ಕೇಳ್ನಿಲ್ಲ ಕಣ್ಲಾ. ನಿಮ್ಮಪ್ಪುನ್ನೂ ಕೇಳ್ನಿಲ್ಲ" ಅಂದಳು. ತಾತನಿಗೆ 9ನೇ ಕಾಲಂ ಏನು ಕೊಟ್ಟಿತ್ತೋ ಅದರಲ್ಲೊಂದು ಚೂರು ಅವ್ವನಿಗೆ ಈ 2000 ಕೊಟ್ಟಿದೆ: ಇನ್ನೊಬ್ಬರ ಮುಖ ನೋಡದೆ ಇರೋ ಹಕ್ಕು. ಒಡೆತನ ಬದಲಾಯಿಸಿದ ದೊಡ್ಡ ಕಾಯ್ದೆ ಮನೆ ಬಾಗಿಲಲ್ಲೇ ನಿಂತಿತು. ಯಾರೂ ಸಿದ್ಧಾಂತ ಅನ್ನದ ಈ ಸಣ್ಣ ಯೋಜನೆ ಅಡುಗೆಮನೆ ತನಕ ಬಂತು.

ಆದರೆ ವ್ಯತ್ಯಾಸ ಉಳ್ಕೊಳ್ಳೋದು ಇಲ್ಲಿ. ಕಂತು ತಡ ಆದ ತಿಂಗಳು ಅವ್ವ ನನಗೆ ಫೋನ್ ಮಾಡಿ "ಬಂದದಾ ನೋಡು" ಅಂತಾಳೆ. ನಿಂತುಹೋಗುತ್ತಂತೆ ಅನ್ನೋ ಸುದ್ದಿ ವಾಟ್ಸಪ್ಪಿನಲ್ಲಿ ಬಂದಾಗ ಎರಡು ದಿನ ಅದೇ ಚಿಂತೆ. ಬಜೆಟ್ಟಿನ ಒಂದು ಸಾಲು ಬರೆದವರೇ ಅದನ್ನ ಅಳಿಸಬಹುದು. ತಾತ ಒಡೆಯರ ಮನಸ್ಸು ಕಾಯ್ತಿದ್ದರು, ಅವ್ವ ಸರ್ಕಾರದ ಮನಸ್ಸು ಕಾಯ್ತಾಳೆ. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ತಕ್ಕ ಪದವೇ ಇದೆ: ಫಲಾನುಭವಿ. ಫಲ ಅನುಭವಿಸುವವಳು. ಮರ ಯಾರದು ಅಂತ ಆ ಪದ ಹೇಳಲ್ಲ.

ಮರವೂ ನಮ್ಮದು, ಫಲವೂ ನಮ್ಮದು ಅನ್ನೋ ಹಾಗೆ ಏನೂ ಇಲ್ಲವಾ ಅಂದರೆ, ಊರಿನ ಡೇರಿ ಇದೆ. ಹಾಲು ಉತ್ಪಾದಕರ ಸಹಕಾರ ಸಂಘ. ಹಾಲು ಹಾಕೋರೇ ಷೇರುದಾರರು, ಎಮ್ಮೆ ಒಂದಿರಲಿ ಹಸು ಹತ್ತಿರಲಿ ಸದಸ್ಯನಿಗೆ ಒಂದೇ ಓಟು. ಸಂಘಗಳು ಸೇರಿ ಜಿಲ್ಲಾ ಒಕ್ಕೂಟ, ನಮ್ಮ ಮನ್‌ಮುಲ್, ಅದರ ದೊಡ್ಡ ಡೇರಿ ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಇದೆ. ಒಕ್ಕೂಟಗಳು ಸೇರಿ ಕೆಎಂಎಫ್. ರಷ್ಯಾದ ಥರ ಹಸು ಕಿತ್ಕೊಳ್ಳಲಿಲ್ಲ; ಹಸು ಮನೆಯದು, ಡೇರಿ ಎಲ್ಲರದು. ಇದರ ಮೇಲೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೆ, 2013ರಿಂದ ಕ್ಷೀರಭಾಗ್ಯದಲ್ಲಿ ಇದೇ ಹಾಲು ಶಾಲೆ ಮಕ್ಕಳಿಗೆ ಹೋಗುತ್ತೆ. ಅದು ಕಲ್ಯಾಣ. ಎರಡೂ ಕೈ ಕೂಡಿದ ಜಾಗ. ಹಾಗಂತ ಡೇರಿಯಲ್ಲಿ ರಾಮರಾಜ್ಯ ಏನಿಲ್ಲ. ಎಲೆಕ್ಷನ್ ಬಂದರೆ ಪಕ್ಷ, ಜಾತಿ, ಬಾಡೂಟ ಎಲ್ಲ ಬರುತ್ತೆ. ಆದರೆ ಫ್ಯಾಟ್ ಕಮ್ಮಿ ಬರೆದರು ಅಂತ ಸೆಕ್ರೆಟರಿ ಹತ್ತಿರ ಜಗಳ ಮಾಡುವಾಗ ನಮ್ಮ ಜನರ ಗಂಟಲು ಬೇರೆ ಥರ ಇರುತ್ತೆ. ಬೇಡೋ ಗಂಟಲಲ್ಲ ಅದು, ಲೆಕ್ಕ ಕೇಳೋ ಗಂಟಲು.

ದೇಶದ ಮಟ್ಟದಲ್ಲಿ ಈ ಎರಡು ಪದಗಳನ್ನ ನಾವು ಅಧಿಕೃತವಾಗಿಯೇ ಒಂದು ಮಾಡಿಬಿಟ್ಟಿದೀವಿ. 1976ರ 42ನೇ ತಿದ್ದುಪಡಿ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಅಂತ ಸೇರಿಸಿತು. ಅದನ್ನ ತೆಗೀಬೇಕು ಅನ್ನೋ ಅರ್ಜಿಗಳನ್ನ ಸುಪ್ರೀಂ ಕೋರ್ಟು 2024ರ ನವೆಂಬರ್ 25ರಂದು ತಳ್ಳಿಹಾಕಿತು. ಕೊಟ್ಟ ಕಾರಣ ನೋಡಿ: ಭಾರತದಲ್ಲಿ ಸಮಾಜವಾದ ಅಂದರೆ ಮುಖ್ಯವಾಗಿ ಕಲ್ಯಾಣ ರಾಜ್ಯ ಮತ್ತು ಅವಕಾಶಗಳ ಸಮಾನತೆ, ಅದು ಖಾಸಗಿ ಉದ್ಯಮಕ್ಕೆ ಅಡ್ಡಿ ಅಲ್ಲ. ಅದೇ ತಿಂಗಳು 5ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿ ಆಸ್ತಿಯನ್ನೆಲ್ಲ ಸಮುದಾಯದ ಸಂಪನ್ಮೂಲ ಅಂತ ಎಣಿಸೋಕಾಗಲ್ಲ ಅಂತ ಬಹುಮತದ ತೀರ್ಪು ಕೊಟ್ಟಿತ್ತು. ಪದ ಉಳೀತು, ಅದರೊಳಗಿನ ಮೊದಲನೇ ಪ್ರಶ್ನೆ ಸದ್ದಿಲ್ಲದೆ ಆಚೆ ಹೋಯ್ತು. ಕ್ಯಾಂಟೀನಿನಲ್ಲಿ ಬೈದವನೂ ಹೊಗಳಿದವಳೂ ಕೋರ್ಟಿನ ಅರ್ಥದಲ್ಲೇ ಮಾತಾಡ್ತಿದ್ದರು ಅಂತಲೂ ಹೇಳಬಹುದು.

ರಾಜ್ಯದಲ್ಲಿ ಅದು ಇನ್ನೂ ಮೊದಲೇ ಹೋಗಿತ್ತು. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಕೃಷಿಕನಲ್ಲದವನು, ಜಾಸ್ತಿ ಆದಾಯ ಇರೋನು ಕೃಷಿ ಜಮೀನು ಕೊಳ್ಳಬಾರದು ಅಂತಿದ್ದ 79ಎ, 79ಬಿ ಕಲಂಗಳನ್ನ ತೆಗೆದರು. 9ನೇ ಕಾಲಮ್ಮಿಗೆ ಈಗ ದುಡ್ಡಿರೋ ಯಾರು ಬೇಕಾದರೂ ಬರಬಹುದು. ರೈತನೂ ಒಳ್ಳೇ ಬೆಲೆಗೆ ಮಾರ್ಕೊಳ್ಳಲಿ ಬಿಡಿ ಅನ್ನೋರಿದ್ದಾರೆ, ಅದರಲ್ಲೂ ನ್ಯಾಯ ಇದೆ. ಮಗಳ ಮದುವೆ, ಬೋರ್‌ವೆಲ್ ಸಾಲ ತಲೆ ಮೇಲಿದ್ದೋನಿಗೆ ಮಾರೋಕೆ ಆಗದ ಒಡೆತನ ಕಟ್ಟಿಹಾಕಿದ ಗೂಟ ಇದ್ದ ಹಾಗೆ.

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಕಡೆ ಎಕರೆಗೆ ಕೇಳೋ ರೇಟು ಬೇರೆಯೇ ಆಗಿದೆ. ಚಿಕ್ಕಪ್ಪ ತನ್ನ ಪಾಲು ಮಾರಬೇಕು ಅಂತಿದ್ದಾನೆ. ಬೆಂಗಳೂರಿನವರೊಬ್ಬರು ಫಾರ್ಮ್‌ಹೌಸಿಗೆ ನೋಡ್ಕೊಂಡು ಹೋಗಿದ್ದಾರೆ. ಅವರೂ ಐಟಿಯವರೇ, ನನ್ನಂಥವರೇ. ಅಪ್ಪನ ಪಾಲೂ ಸೇರಿಸಿ ಕೊಟ್ಟರೆ ಇನ್ನೂ ಜಾಸ್ತಿ ಕೊಡ್ತಾರಂತೆ. ಬರೋ ದುಡ್ಡಿನ ಬಡ್ಡಿ ರಾಗಿ, ತೆಂಗಿನಲ್ಲಿ ಬರೋದಕ್ಕಿಂತ ಎಷ್ಟೋ ಪಟ್ಟು. ಎಕ್ಸೆಲ್ಲಿನಲ್ಲಿ ಹಾಕಿದರೆ ಮಾರೋದೇ ಸರಿ ಅಂತ ಬರುತ್ತೆ. ಮಾರಿದ ಮೇಲೆ ನಮ್ಮ ಮನೆ ಹಸಿವಿನಲ್ಲಿ ಇರಲ್ಲ. ಪಡಿತರ ಬರುತ್ತೆ, 2000 ಬರುತ್ತೆ, ಬಸ್ಸಿಗೆ ದುಡ್ಡಿಲ್ಲ, ನಾನಿದೀನಿ. 1974ಕ್ಕಿಂತ ಮುಂಚಿನ ತಾತನ ಸ್ಥಿತಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ಅಷ್ಟರಮಟ್ಟಿಗೆ ಕಲ್ಯಾಣ ರಾಜ್ಯ ಗೆದ್ದಿದೆ.

ಆದರೆ ಪಹಣಿಯಲ್ಲಿ ನಮ್ಮ ಹೆಸರು 12ನೇ ಕಾಲಮ್ಮಿನಲ್ಲೂ ಇರಲ್ಲ. ಅಪ್ಪ ಇನ್ನೂ ಏನೂ ಹೇಳಿಲ್ಲ. ಅತ್ತೆಯರನ್ನ ಯಾರೂ ಕೇಳಿಲ್ಲ. ಅವ್ವ ಮಾತ್ರ ಒಂದು ಮಾತು ಅಂದಳು: "ಮಾರೋದಾದ್ರೆ ಮಾರ್ರಪ್ಪ. ಆದ್ರೆ ನಂಗೂ ಒಂದ್ ಪಾಲು ಮಡಗಿ, ನನ್ನ ಹೆಸ್ರಲ್ಲಿ. ಕಂತಲ್ಲಿ ಬ್ಯಾಡ."